ಮಲೆನಾಡಿನ ಕ್ಲಿನಿಕ್‌ಗೆ ಟೇಬಲ್‌ಟಾಪ್ ಆಟೋಕ್ಲೇವ್: ಮಳೆಗಾಲವನ್ನು ಮುಂದಿಟ್ಟುಕೊಂಡು ಕೊಳ್ಳುವುದು ಹೇಗೆ?

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆಯ ಸಣ್ಣ ಕ್ಲಿನಿಕ್‌ಗಳಿಗೆ ಹೊಲಿಗೆ ಹಾಕಿಸಿಕೊಳ್ಳಲು ಬರುವವರು ಜಾಸ್ತಿ. ಮೆಟ್ಟುಗತ್ತಿ ತಗುಲಿದ ಬೆರಳು, ದೋಟಿ ಜಾರಿ ಆದ ಗಾಯ. ಒಂದೇ ಸಂಜೆಗೆ ನಾಲ್ಕೈದು ಸೂಚರ್ ಸೆಟ್ ಬೇಕಾಗುತ್ತದೆ. ಅವನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ ಸಾಲದು. ನೀರು 100 ಡಿಗ್ರಿಗೆ ಕುದಿಯುತ್ತದೆ, ನಮ್ಮ ಎತ್ತರದಲ್ಲಿ ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗೇ ಕುದಿಯುತ್ತದೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಸ್ಪೋರ್‌ಗಳು, ಅಂದರೆ ಗಟ್ಟಿ ಕವಚದ ಸುಪ್ತ ರೂಪಗಳು, ಆ ಬಿಸಿಯನ್ನು ತಡೆದುಕೊಂಡು ಉಳಿಯಬಲ್ಲವು. ಮಣ್ಣು ಮೆತ್ತಿದ ಗಾಯಗಳನ್ನೇ ದಿನಾ ನೋಡುವ ನಮ್ಮ ಕಡೆಯ ಕ್ಲಿನಿಕ್‌ಗೆ ಒತ್ತಡದ ಹಬೆಯಿಂದ ಉಪಕರಣವನ್ನು ಸ್ಟೆರೈಲ್ (ಸೂಕ್ಷ್ಮಜೀವಿರಹಿತ) ಮಾಡುವ ಆಟೋಕ್ಲೇವ್ ಬೇಕೇ ಬೇಕು.

ಆದರೆ ಮಾರುವವರು ತರುವ ಕ್ಯಾಟಲಾಗ್‌ನಲ್ಲಿ ಮಳೆಯ ಮಾತಿರುವುದಿಲ್ಲ. ವೋಲ್ಟೇಜ್ ಬೀಳುವ ಲೈನು, ಕೆಂಪು ಬಾವಿ ನೀರು, ಒಣಗದ ಗೋಡೆ, ಬೆಂಗಳೂರಿನಿಂದ ಬರಬೇಕಾದ ಸರ್ವಿಸ್ ಎಂಜಿನಿಯರ್, ಇವು ಯಾವುದೂ ಅಲ್ಲಿ ಕಾಣುವುದಿಲ್ಲ. ಹಾಗಾಗಿ ಮಷಿನ್ ಆರಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇದು ಜುಲೈ ತಿಂಗಳಲ್ಲಿ ನನ್ನ ಕ್ಲಿನಿಕ್‌ನಲ್ಲಿ ನಡೆಯುತ್ತದಾ?

ಮೊದಲು ಒಂದು ವಾರದ ಪಟ್ಟಿ ಬರೆಯಿರಿ

ಅಂಗಡಿಗೆ ಫೋನ್ ಮಾಡುವ ಮುಂಚೆ ಒಂದು ವಾರ ನೀವು ಬಳಸುವ ಉಪಕರಣಗಳನ್ನೆಲ್ಲ ಬರೆದಿಡಿ. ಎಷ್ಟು ಸೆಟ್, ಯಾವ ಹೊತ್ತಿನಲ್ಲಿ ಬೇಕು, ಸೆಟ್ ಖಾಲಿಯಾಗಿ ಕಾದದ್ದು ಯಾವಾಗ. ಆಮೇಲೆ ಅವನ್ನು ಗುಂಪು ಮಾಡಿ. ಕತ್ತರಿ, ಆರ್ಟರಿ ಫೋರ್ಸೆಪ್ಸ್, ನೀಡಲ್ ಹೋಲ್ಡರ್ ತರಹದ ಗಟ್ಟಿ ಲೋಹದ ವಸ್ತುಗಳು ಒಂದು ಕಡೆ. ಗಾಜ್, ಟವೆಲ್, ಬಟ್ಟೆ ಡ್ರೇಪ್ ಇನ್ನೊಂದು ಕಡೆ. ಒಳಗೆ ಟೊಳ್ಳಿರುವ ಸಕ್ಷನ್ ಟಿಪ್, ಕ್ಯಾನುಲಾ, ದಂತವೈದ್ಯರ ಹ್ಯಾಂಡ್‌ಪೀಸ್ ಮತ್ತೊಂದು ಕಡೆ. ಪ್ಲಾಸ್ಟಿಕ್, ರಬ್ಬರ್ ವಸ್ತುಗಳ ಮೇಲೆ 121 ಅಥವಾ 134 ಡಿಗ್ರಿಯ ಗುರುತು ಇದೆಯಾ ನೋಡಿ. ಗುರುತಿಲ್ಲದ್ದನ್ನು ಈ ಪಟ್ಟಿಯಿಂದಲೇ ತೆಗೆಯಿರಿ.

ಇನ್ನೊಂದು ಸಾಲನ್ನೂ ಸೇರಿಸಿ: ಸ್ಟೆರೈಲ್ ಮಾಡಿದ ತಕ್ಷಣ ಬಳಸುವಂಥವು ಯಾವುವು, ಪೌಚ್‌ನಲ್ಲಿ (ಹಬೆ ಒಳಹೋಗುವ ಕಾಗದದ ಚೀಲದಲ್ಲಿ) ಪ್ಯಾಕ್ ಮಾಡಿ ನಾಳೆಗೋ ಮುಂದಿನ ವಾರಕ್ಕೋ ಇಡಬೇಕಾದವು ಯಾವುವು. ಯಾವ ದರ್ಜೆಯ ಮಷಿನ್ ಬೇಕು ಅನ್ನುವುದು ಇದರಿಂದಲೇ ತೀರ್ಮಾನವಾಗುತ್ತದೆ.

ಎನ್, ಎಸ್, ಬಿ: ಎಲ್ಲಾ ಗಾಳಿಯ ಪ್ರಶ್ನೆ

ಸಣ್ಣ ಆಟೋಕ್ಲೇವ್‌ಗಳನ್ನು ಇಎನ್ 13060 ಎಂಬ ಯುರೋಪಿನ ಮಾನದಂಡ ಮೂರು ದರ್ಜೆಗೆ ಹಂಚುತ್ತದೆ. ನಮ್ಮ ಮಾರುಕಟ್ಟೆಯಲ್ಲೂ ಅದೇ ಹೆಸರು ನಡೆಯುತ್ತದೆ. ವ್ಯತ್ಯಾಸ ಏನು ಅಂದರೆ, ಒಳಗಿನ ಗಾಳಿಯನ್ನು ಮಷಿನ್ ಹೇಗೆ ಹೊರಹಾಕುತ್ತದೆ ಅನ್ನುವುದು.

ಹಬೆ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುವಾಗ ತನ್ನೊಳಗಿನ ಶಾಖವನ್ನೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಸೂಕ್ಷ್ಮಜೀವಿ ಸಾಯುವುದು ಆ ಶಾಖ ಮತ್ತು ತೇವಕ್ಕೆ. ಅದಕ್ಕೇ 121 ಡಿಗ್ರಿಯಲ್ಲಿ 15 ನಿಮಿಷ, 134 ಡಿಗ್ರಿಯಲ್ಲಿ 3 ನಿಮಿಷ ಸಾಕಾಗುತ್ತದೆ. ಒಣ ಬಿಸಿ ಗಾಳಿಯಲ್ಲಿ ಇದೇ ಕೆಲಸಕ್ಕೆ 160 ಡಿಗ್ರಿಯಲ್ಲಿ 2 ಗಂಟೆ ಬೇಕು. ಚೇಂಬರ್‌ನ ಮೂಲೆಯಲ್ಲೋ, ಬಟ್ಟೆಯ ಮಡಿಕೆಯಲ್ಲೋ, ಕ್ಯಾನುಲಾದ ತೂತಿನಲ್ಲೋ ಗಾಳಿ ಸಿಕ್ಕಿಕೊಂಡರೆ ಅಷ್ಟು ಜಾಗಕ್ಕೆ ಹಬೆ ತಲುಪುವುದಿಲ್ಲ. ಮೀಟರ್ 134 ತೋರಿಸುತ್ತಿದ್ದರೂ ಆ ಜಾಗ ಸ್ಟೆರೈಲ್ ಆಗಿರುವುದಿಲ್ಲ.

ಎನ್ ದರ್ಜೆಯ ಮಷಿನ್‌ನಲ್ಲಿ ಹಬೆ ಮೇಲಿಂದ ತುಂಬುತ್ತಾ ಭಾರದ ಗಾಳಿಯನ್ನು ಕೆಳಗಿನಿಂದ ತಳ್ಳುತ್ತದೆ. ಪ್ಯಾಕ್ ಮಾಡದ ಗಟ್ಟಿ ಲೋಹಕ್ಕೆ ಇದು ಸರಿ. ಅದರಾಚೆಗೆ ಅದನ್ನು ನಂಬಬೇಡಿ. ಬಿ ದರ್ಜೆಯಲ್ಲಿ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದು ಗಾಳಿ ಎಳೆದು, ಹಬೆ ಬಿಟ್ಟು, ಮತ್ತೆ ಎಳೆದು, ಹೀಗೆ ಹಲವು ಸಲ ಮಾಡುತ್ತದೆ. ಪೌಚ್, ಬಟ್ಟೆ, ಟೊಳ್ಳು ಉಪಕರಣ ಎಲ್ಲದಕ್ಕೂ ಇದು ನಡೆಯುತ್ತದೆ. ಎಸ್ ದರ್ಜೆ ಇವೆರಡರ ನಡುವಿನದು. ಯಾವ ಲೋಡ್‌ಗೆ (ಒಳಗೆ ಹಾಕುವ ಸಾಮಾನಿಗೆ) ಸರಿಹೊಂದುತ್ತದೆ ಎಂದು ತಯಾರಕರು ಬರೆದುಕೊಟ್ಟಿರುತ್ತಾರೋ ಅದಕ್ಕೆ ಮಾತ್ರ. ಆ ಬರಹವನ್ನು ಕೈಗೆ ತೆಗೆದುಕೊಳ್ಳದೆ ಎಸ್ ದರ್ಜೆ ಕೊಳ್ಳಬೇಡಿ.

ದಂತ ಚಿಕಿತ್ಸಾಲಯಕ್ಕೆ ಬಿ ದರ್ಜೆ ಬಿಟ್ಟು ಬೇರೆ ಮಾತಿಲ್ಲ. ಜನರಲ್ ಪ್ರಾಕ್ಟೀಸ್ ಇದ್ದು, ಹೊಲಿಗೆ ಸೆಟ್ ಪ್ಯಾಕ್ ಮಾಡಿ ಇಡುವವರಿಗೂ ನಾನು ಬಿ ದರ್ಜೆಯನ್ನೇ ಹೇಳುತ್ತೇನೆ. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಗಟ್ಟಿ ಕಾರಣ ಉಂಟು. ವ್ಯಾಕ್ಯೂಮ್ ಪಂಪ್ ಕೊನೆಯಲ್ಲಿ ಪ್ಯಾಕ್‌ನ ತೇವವನ್ನೂ ಎಳೆದು ಒಣಗಿಸುತ್ತದೆ. ಹೊರಗೆ ಜಡಿಮಳೆ ಹಿಡಿದಿರುವಾಗ ಪಂಪ್ ಇಲ್ಲದ ಮಷಿನ್‌ನಿಂದ ಒಣ ಪೌಚ್ ತೆಗೆಯುವುದು ಬಹಳ ಕಷ್ಟ. ಬರೀ ಡ್ರೆಸ್ಸಿಂಗ್ ಮಾಡುವ, ಉಪಕರಣ ತಕ್ಷಣ ಬಳಸುವ ಚಿಕ್ಕ ಕ್ಲಿನಿಕ್ ಆದರೆ ಒಳ್ಳೆಯ ಎನ್ ದರ್ಜೆ ಸಾಕು. ಉಳಿದ ಹಣಕ್ಕೆ ಇನ್ನೆರಡು ಸೆಟ್ ಉಪಕರಣ ಕೊಂಡುಕೊಳ್ಳಿ.

ಎಷ್ಟು ಲೀಟರ್?

ಸಾಮಾನ್ಯವಾಗಿ ಸಿಗುವುದು 12, 18, 23 ಲೀಟರಿನವು. 18ರದ್ದೂ 23ರದ್ದೂ ಚೇಂಬರ್ ಅಗಲ ಹೆಚ್ಚುಕಡಿಮೆ ಒಂದೇ, 25 ಸೆಂಟಿಮೀಟರ್. ವ್ಯತ್ಯಾಸ ಆಳದಲ್ಲಿ. ನಿಮ್ಮ ಅತಿ ಉದ್ದದ ಉಪಕರಣವನ್ನೂ ಟ್ರೇಯನ್ನೂ ಅಳತೆ ಮಾಡಿ, ಮಷಿನ್‌ನ ಟ್ರೇ ಅಳತೆಯ ಜೊತೆ ಹೋಲಿಸಿ. ಚೇಂಬರ್ ಅಳತೆ ನೋಡಿ ಮೋಸಹೋಗಬೇಡಿ. ಒಬ್ಬ ವೈದ್ಯರ ಕ್ಲಿನಿಕ್‌ಗೆ 18 ಲೀಟರ್ ಸಾಕಾಗುತ್ತದೆ. ಪ್ಯಾಕ್ ಮಾಡಿದ ಲೋಡ್ ಒಣಗಿ ಹೊರಬರಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅಂತ ಲೆಕ್ಕ ಹಾಕಿಕೊಳ್ಳಿ. 3 ನಿಮಿಷ ಅನ್ನುವುದು 134 ಡಿಗ್ರಿಯಲ್ಲಿ ಹಿಡಿದಿಡುವ ಹೊತ್ತು ಮಾತ್ರ.

ಎತ್ತರದ ಲೆಕ್ಕ ಮರೆಯಬೇಡಿ

ಇದನ್ನು ಮಾರುವವರು ಹೇಳಿದ್ದನ್ನು ನಾನು ಕೇಳಿಲ್ಲ. ಮುಳ್ಳಿನ ಗೇಜ್ ಇರುವ ಸಾದಾ ಆಟೋಕ್ಲೇವ್‌ನಲ್ಲಿ 15 ಪಿಎಸ್‌ಐ ಅಂದರೆ 121 ಡಿಗ್ರಿ ಅಂತ ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಅದು ಸಮುದ್ರ ಮಟ್ಟದ ಲೆಕ್ಕ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಎಂದು. ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡವೇ ಇಳಿಯುತ್ತದೆ, ಹಾಗಾಗಿ ಅದೇ 15ಕ್ಕೆ ಒಳಗಿನ ಹಬೆಯ ಬಿಸಿ ಕಡಿಮೆ.

ಶಿವಮೊಗ್ಗ ನಗರ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗೇಜ್ 15 ತೋರಿಸಿದಾಗ ಒಳಗೆ ಸುಮಾರು 120 ಡಿಗ್ರಿ. ಚಿಕ್ಕಮಗಳೂರು ಸುಮಾರು 1090 ಮೀಟರ್, ಅಲ್ಲಿ 119ರ ಆಸುಪಾಸು. ಎರಡೇ ಡಿಗ್ರಿ ಅನ್ನಿಸಬಹುದು. ಆದರೆ ಆ ಎರಡು ಡಿಗ್ರಿಗೆ ಸ್ಪೋರ್ ಸಾಯುವ ವೇಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಪ್ರತಿ 1000 ಅಡಿ ಎತ್ತರಕ್ಕೆ ಅರ್ಧ ಪಿಎಸ್‌ಐ ಸೇರಿಸಬೇಕು ಅನ್ನುವುದು ರೂಢಿಯ ಲೆಕ್ಕ. ಶಿವಮೊಗ್ಗದಲ್ಲಿ 16, ಚಿಕ್ಕಮಗಳೂರಿನಲ್ಲಿ 17ರ ಹತ್ತಿರ ಬರುತ್ತದೆ. ಮಷಿನ್‌ನ ಸೇಫ್ಟಿ ವಾಲ್ವ್ ಅಷ್ಟಕ್ಕೆ ತಡೆಯುತ್ತದಾ ಎಂದು ತಯಾರಕರನ್ನು ಕೇಳಿ. ವಾಲ್ವ್ ಅನ್ನು ನೀವೇ ಬಿಗಿ ಮಾಡಲು ಹೋಗಬೇಡಿ.

ಉಷ್ಣತೆಯನ್ನು ನೇರವಾಗಿ ಅಳೆದು ನಡೆಯುವ ಎಲೆಕ್ಟ್ರಾನಿಕ್ ಮಷಿನ್‌ನಲ್ಲಿ ಈ ತೊಂದರೆ ಇಲ್ಲ. ಆದರೂ ಡಿಸ್‌ಪ್ಲೇ ತೋರಿಸುವ ಒತ್ತಡ ಗೇಜ್ ಲೆಕ್ಕದ್ದೋ ಒಟ್ಟು ಒತ್ತಡದ್ದೋ ಎಂದು ಕೇಳಿಟ್ಟುಕೊಳ್ಳಿ. 134 ಡಿಗ್ರಿಯ ಶುದ್ಧ ಹಬೆಗೆ ಒಟ್ಟು ಒತ್ತಡ ಸುಮಾರು 3.04 ಬಾರ್ ಇರಬೇಕು. ಒತ್ತಡ ಅಷ್ಟಿದ್ದೂ ಬಿಸಿ ಕಡಿಮೆ ಇದ್ದರೆ ಒಳಗೆ ಗಾಳಿ ಉಳಿದಿದೆ, ಇಲ್ಲವೇ ಸೆನ್ಸರ್ ತಪ್ಪಾಗಿದೆ ಎಂದರ್ಥ.

ಕರೆಂಟು

18 ಲೀಟರಿನ ಬಿ ದರ್ಜೆಯ ಮಷಿನ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ. ಸೀದಾ 16 ಆಂಪ್‌ನ ಪ್ರತ್ಯೇಕ ಲೈನ್, ಅದಕ್ಕೇ ಒಂದು ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಮಲ್ಟಿಪ್ಲಗ್ ಬೇಡವೇ ಬೇಡ. ಕ್ಲಿನಿಕ್‌ನ ಮಂಜೂರಾದ ಲೋಡ್ ಎಷ್ಟು ಎಂದು ಬಿಲ್‌ನಲ್ಲಿ ನೋಡಿ. ಕಡಿಮೆ ಇದ್ದರೆ ಮೆಸ್ಕಾಂನಲ್ಲಿ ಮೊದಲೇ ಹೆಚ್ಚಿಸಿಕೊಳ್ಳಿ.

ನಮ್ಮ ನಿಜವಾದ ತಲೆನೋವು ವೋಲ್ಟೇಜ್. ಹೀಟರ್ ಕೊಡುವ ಶಾಖ ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 180 ಬಂದರೆ 2000 ವ್ಯಾಟಿನ ಹೀಟರ್ ಸುಮಾರು 1200 ವ್ಯಾಟ್ ಮಾತ್ರ ಕೊಡುತ್ತದೆ. ಬಿಸಿಯಾಗಲು ಹೊತ್ತು ಹಿಡಿದು ಮಷಿನ್ ಎರರ್ ತೋರಿಸಿ ನಿಂತುಬಿಡುತ್ತದೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಅಳೆದು ಬರೆದಿಡಿ. ಆ ಅಂಕಿಗಳನ್ನು ಮುಂದಿಟ್ಟುಕೊಂಡೇ ಸ್ಟೆಬಿಲೈಜರ್ ಆರಿಸಿ. ಇಷ್ಟು ಲೋಡ್‌ಗೆ 5 ಕೆವಿಎ ಸರ್ವೋ ಇದ್ದರೆ ಆರಾಮ. ಮನೆಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಜನರೇಟರ್ ಇದ್ದರೆ ಅದೂ 5 ಕೆವಿಎ ಇರಲಿ.

ಸೈಕಲ್ (ಬಿಸಿಯಾಗುವುದರಿಂದ ಒಣಗುವವರೆಗಿನ ಒಂದು ಸುತ್ತು) ನಡುವೆ ಕರೆಂಟ್ ಹೋದರೆ ಆ ಲೋಡ್ ಸ್ಟೆರೈಲ್ ಅಲ್ಲ. ಎರಡು ನಿಮಿಷಕ್ಕೇ ವಾಪಸ್ ಬಂದರೂ ಮೊದಲಿನಿಂದಲೇ ನಡೆಸಬೇಕು. ಕರೆಂಟ್ ಹೋಗಿ ಬಂದದ್ದನ್ನು ಮಷಿನ್ ತಾನಾಗಿ ದಾಖಲಿಸುತ್ತದಾ ಎಂದು ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ತೆಗೆಯುವ ಅಭ್ಯಾಸ ಸಿಬ್ಬಂದಿಗೆ ಮಾಡಿಸಿ. ಸಿಡಿಲಿಗೆ ಮೊದಲು ಹೋಗುವುದು ಕಂಟ್ರೋಲ್ ಬೋರ್ಡ್. ಅದರ ಬೆಲೆ ಕೇಳಿದರೆ ಅಭ್ಯಾಸ ತಾನಾಗಿ ಬರುತ್ತದೆ.

ನೀರು

ಹಳೆಯ ಆಟೋಕ್ಲೇವ್‌ಗಳ ಒಳಗಿನ ಕಂದು ಕಲೆ, ಕಟ್ಟಿದ ಪೈಪ್, ತುಕ್ಕು ಹಿಡಿದ ಫೋರ್ಸೆಪ್ಸ್, ಇವುಗಳ ಹಿಂದೆ ಹೆಚ್ಚಿನ ಸಲ ಇರುವುದು ನೀರು. ಕುಕ್ಕರ್ ತಳದಲ್ಲಿ ಬಿಳಿ ಪದರ ಕಟ್ಟುವಂತೆ ಹೀಟರ್ ಮೇಲೂ ಕಟ್ಟುತ್ತದೆ. ಒಳಗೆ ಹಾಕುವ ನೀರಿನ ವಿದ್ಯುತ್ ವಾಹಕತೆ ಪ್ರತಿ ಸೆಂಟಿಮೀಟರಿಗೆ 15 ಮೈಕ್ರೋಸೀಮೆನ್ಸ್ ದಾಟಬಾರದು ಅನ್ನುತ್ತದೆ ಮಾನದಂಡ. ನೀರಲ್ಲಿ ಕರಗಿದ ಲವಣವನ್ನು ಅಳೆಯುವ, ಕಿಸೆಯಲ್ಲಿಡುವ ಟಿಡಿಎಸ್ ಮೀಟರ್‌ನಲ್ಲಿ ಅದು ಒಂದಂಕಿಯ ಸಂಖ್ಯೆ, ಏಳು ಎಂಟರ ಒಳಗೆ. ಮನೆಯ ಆರ್‌ಓ ನೀರು ಸಾಮಾನ್ಯವಾಗಿ ಇದರ ಹತ್ತಿರವೂ ಬರುವುದಿಲ್ಲ. ಬ್ಯಾಟರಿ ನೀರು ಅಂತ ಮಾರುವುದನ್ನು ಕೂಡ ಮೀಟರ್ ಅದ್ದಿ ನೋಡಿಯೇ ಹಾಕಿ.

ಮಳೆನೀರು ಹಾಕಬಹುದಾ ಎಂದು ಬಹಳ ಜನ ಕೇಳುತ್ತಾರೆ. ಆಗುಂಬೆಯಂಥ ಕಡೆ ಆಕಾಶದಿಂದ ಬೀಳುವ ನೀರಿಗೇನು ಬರವೇ? ಆದರೆ ಹಂಚಿನ ಮಾಡಿನ ಮೇಲೆ ಹರಿದ ನೀರಲ್ಲಿ ಪಾಚಿ, ಎಲೆಯ ಕಸ, ಹಕ್ಕಿಯ ಹಿಕ್ಕೆ ಎಲ್ಲಾ ಇರುತ್ತದೆ. ಹಾಗೇ ಸುರಿಯುವುದು ಬೇಡ. ಶೋಧಿಸಿ ಸಣ್ಣ ಡಿಸ್ಟಿಲರ್‌ಗೆ ಹಾಕುವುದಕ್ಕೆ ಮಾತ್ರ ಅದು ಬಹಳ ಒಳ್ಳೆಯದು, ಡಿಸ್ಟಿಲರ್‌ನ ತಳ ಕಟ್ಟುವುದಿಲ್ಲ. 4 ಲೀಟರ್ ಬಟ್ಟಿ ಇಳಿಸಲು ಸುಮಾರು 3 ಯೂನಿಟ್ ಕರೆಂಟ್ ಬೇಕು. ದಿನಕ್ಕೆ ಎಷ್ಟು ಸೈಕಲ್, ಒಂದಕ್ಕೆ ಎಷ್ಟು ನೀರು ಎಂದು ಕೇಳಿಕೊಂಡು, ಕೊಂಡು ತರುವ ಕ್ಯಾನ್ ಅಗ್ಗವೋ ಡಿಸ್ಟಿಲರ್ ಅಗ್ಗವೋ ಲೆಕ್ಕ ಹಾಕಿ. ಬಳಸಿದ ನೀರನ್ನು ಚೆಲ್ಲಿ. ಮತ್ತೆ ಟ್ಯಾಂಕ್‌ಗೆ ಸುರಿಯಬಾರದು.

ಮಾರುವವರ ಮುಂದೆ ಕೂತಾಗ

ಬೆಲೆಯ ಮಾತು ಕೊನೆಗಿರಲಿ. ಮೊದಲು ಕಾಗದ. 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಅಡಿಯ ಲೈಸೆನ್ಸ್ ಸಂಖ್ಯೆ, ಚೇಂಬರ್‌ನ ಒತ್ತಡ ಪರೀಕ್ಷೆಯ ಪ್ರಮಾಣಪತ್ರ, ಸೆನ್ಸರ್‌ಗಳ ಕ್ಯಾಲಿಬ್ರೇಷನ್ ಪತ್ರ ಕೇಳಿ. ಬಿ ದರ್ಜೆ ಅಂತ ಸ್ಟಿಕ್ಕರ್ ಅಂಟಿಸಿದರೆ ಸಾಲದು. ಟೊಳ್ಳಿನೊಳಗೆ ಹಬೆ ಹೋಗುತ್ತದಾ ನೋಡುವ ಹೀಲಿಕ್ಸ್ ಟೆಸ್ಟ್, ಚೇಂಬರ್ ಸೋರುತ್ತದಾ ನೋಡುವ ವ್ಯಾಕ್ಯೂಮ್ ಲೀಕ್ ಟೆಸ್ಟ್ ಪ್ರೋಗ್ರಾಂ ಇದೆಯಾ, ಸೈಕಲ್ ವಿವರ ಪ್ರಿಂಟ್ ಅಥವಾ ಯುಎಸ್‌ಬಿಯಲ್ಲಿ ಸಿಗುತ್ತದಾ ನೋಡಿ.

ಆಮೇಲೆ ಸರ್ವಿಸ್. ನನ್ನ ಮಟ್ಟಿಗೆ ಕಂಪನಿ ಯಾವುದು ಅನ್ನುವುದಕ್ಕಿಂತ ಎಂಜಿನಿಯರ್ ಎಲ್ಲಿರುತ್ತಾರೆ ಅನ್ನುವುದು ದೊಡ್ಡದು. ಶಿವಮೊಗ್ಗದಲ್ಲೇ ಇದ್ದಾರಾ? ಹುಬ್ಬಳ್ಳಿಯಿಂದ, ಮಂಗಳೂರಿನಿಂದ ಬರಬೇಕಾ? ಬೆಂಗಳೂರಾದರೆ ಸುಮಾರು 300 ಕಿಲೋಮೀಟರ್. ಮಂಗಳೂರು, ಉಡುಪಿ ಕಡೆಯಿಂದ ಬರುವವರಾದರೆ ಮಳೆಗಾಲದಲ್ಲಿ ಘಾಟಿ ರಸ್ತೆಯ ಪಾಡೂ ಸೇರುತ್ತದೆ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ, ಬಾರದಿದ್ದರೆ ಬದಲಿ ಮಷಿನ್ ಕೊಡುತ್ತಾರಾ, ಇವು ಕೊಟೇಶನ್‌ನಲ್ಲೇ ಬರಹದಲ್ಲಿರಲಿ. ಅದೇ ಮಾಡೆಲ್ ಬಳಸುತ್ತಿರುವ ಮಲೆನಾಡಿನ ಎರಡು ಮೂರು ಕ್ಲಿನಿಕ್‌ಗಳ ಹೆಸರು ಕೇಳಿ ಪಡೆದು, ಅಲ್ಲಿನ ನರ್ಸ್ ಜೊತೆ ಮಾತಾಡಿ. ವೈದ್ಯರಿಗಿಂತ ದಿನಾ ಬಾಗಿಲು ತೆಗೆದು ಹಾಕುವವರಿಗೆ ಮಷಿನ್‌ನ ಗುಣ ಗೊತ್ತಿರುತ್ತದೆ.

ವಾರಂಟಿಯಲ್ಲಿ ವ್ಯಾಕ್ಯೂಮ್ ಪಂಪ್, ಕಂಟ್ರೋಲ್ ಬೋರ್ಡ್ ಸೇರಿದೆಯಾ? ಬಾಗಿಲಿನ ಗ್ಯಾಸ್ಕೆಟ್, ಬ್ಯಾಕ್ಟೀರಿಯಾ ಫಿಲ್ಟರ್ ಸವೆಯುವ ವಸ್ತುಗಳು, ಸಾಮಾನ್ಯವಾಗಿ ಸೇರುವುದಿಲ್ಲ. ಅವುಗಳ ಬೆಲೆಯನ್ನು ಇವತ್ತೇ ಬರೆಸಿಕೊಳ್ಳಿ. ಒಂದೊಂದು ಗ್ಯಾಸ್ಕೆಟ್, ಫಿಲ್ಟರ್ ಹೆಚ್ಚುವರಿಯಾಗಿ ಮಷಿನ್ ಜೊತೆಗೇ ತರಿಸಿ. ಬಿಡಿಭಾಗ ಸೇರದ ವಾರ್ಷಿಕ ಸರ್ವಿಸ್ ಕರಾರು ಒಂದು ಬಗೆ, ಎಲ್ಲಾ ಸೇರಿದ್ದು ಇನ್ನೊಂದು ಬಗೆ. ಎರಡರ ದರವನ್ನೂ ಪಡೆದು, ಮಷಿನ್ ಬೆಲೆ, ಜಿಎಸ್‌ಟಿ, ಸಾಗಣೆ, ಸ್ಟೆಬಿಲೈಜರ್, ನೀರು, ಪೌಚ್, ಇಂಡಿಕೇಟರ್ ಎಲ್ಲಾ ಕೂಡಿ 5 ವರ್ಷದ ಖರ್ಚು ಬರೆಯಿರಿ. ಅಗ್ಗದ ಮಷಿನ್ ಕೆಲವು ಸಲ ಈ ಪಟ್ಟಿಯಲ್ಲಿ ದುಬಾರಿಯಾಗಿ ನಿಲ್ಲುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸೈಕಲ್ ಕೌಂಟರ್ ನೋಡಿ, ಚೇಂಬರ್ ಒಳಗೆ ಟಾರ್ಚ್ ಬಿಟ್ಟು ಗುಳಿ ಬಿದ್ದ ತುಕ್ಕು ಹುಡುಕಿ, ಬಿಡಿಭಾಗ ಈಗಲೂ ಸಿಗುತ್ತದಾ ವಿಚಾರಿಸಿ. ಗುಳಿ ಕಂಡರೆ ಬೆಲೆ ಎಷ್ಟೇ ಇಳಿದರೂ ಬೇಡ. ಅದು ಒತ್ತಡದ ಪಾತ್ರೆ, ಪಕ್ಕದಲ್ಲಿ ಮನುಷ್ಯರು ನಿಂತಿರುತ್ತಾರೆ.

ಮಷಿನ್ ಬಂದ ದಿನ

ಈ ಗಾತ್ರದ ಬಿ ದರ್ಜೆಯ ಮಷಿನ್ 45ರಿಂದ 50 ಕಿಲೋ ತೂಗುತ್ತದೆ. ಗಟ್ಟಿ ಮೇಜು, ಹಿಂದೆ ಗಾಳಿಯಾಡುವ ಜಾಗ, ಬಾಗಿಲು ಪೂರ್ತಿ ತೆರೆಯುವಷ್ಟು ಮುಂಗಡೆ ಇರಲಿ. ಮಳೆಗೆ ನೆನೆಯುವ ಹೊರಗೋಡೆಗೆ ಒತ್ತಿಸಿ ಇಡಬೇಡಿ. ಹಿಂದಿನ ಸಂದುಗಳಿಗೆ ಹಲ್ಲಿ, ಇರುವೆ ಸೇರದಂತೆ ಆ ಜಾಗವನ್ನು ಚೊಕ್ಕಟವಾಗಿಡಿ. ಬೋರ್ಡ್ ಮೇಲೆ ಹಲ್ಲಿ ಹತ್ತಿ ಶಾರ್ಟ್ ಆಗುವುದು ನಮ್ಮ ಕಡೆ ಹೊಸ ಕಥೆಯಲ್ಲ.

ಎಂಜಿನಿಯರ್ ಎದುರಿಗೇ ಪರೀಕ್ಷೆಗಳು ಮುಗಿಯಬೇಕು. ಮೊದಲು ಖಾಲಿ, ತಣ್ಣಗಿನ ಚೇಂಬರ್‌ನಲ್ಲಿ ವ್ಯಾಕ್ಯೂಮ್ ಲೀಕ್ ಟೆಸ್ಟ್. ನಂತರ ಹೀಲಿಕ್ಸ್. ಉದ್ದದ ಸಣ್ಣ ಕೊಳವೆಯ ತುದಿಯಲ್ಲಿ ಇಂಡಿಕೇಟರ್ ಪಟ್ಟಿ ಇಟ್ಟಿರುತ್ತಾರೆ, ಹಬೆ ಅಲ್ಲಿಯವರೆಗೆ ಹೋದರೆ ಮಾತ್ರ ಬಣ್ಣ ಪೂರ್ತಿ ಬದಲಾಗುತ್ತದೆ. ಬಟ್ಟೆ ಪ್ಯಾಕ್ ಹಾಕುವವರು, ಪ್ಯಾಕ್ ಒಳಗಿನ ಗಾಳಿ ಪೂರ್ತಿ ಹೋಯಿತಾ ನೋಡುವ ಬೋವಿ-ಡಿಕ್ ಟೆಸ್ಟ್ ಕೂಡ ಮಾಡಿಸಿ. ಆಮೇಲೆ ನಿಮ್ಮದೇ ಉಪಕರಣಗಳ ಪೂರ್ತಿ ಲೋಡ್ ಹಾಕಿ, ಒಳಗೆ ಟೈಪ್ 5 ಇಂಡಿಕೇಟರ್ (ಬಿಸಿ, ಹೊತ್ತು, ಹಬೆ ಮೂರನ್ನೂ ಒಟ್ಟಿಗೆ ನೋಡುವ ರಾಸಾಯನಿಕ ಪಟ್ಟಿ) ಮತ್ತು ಜೈವಿಕ ಇಂಡಿಕೇಟರ್ ಇಟ್ಟು ನಡೆಸಿ. ಜೈವಿಕ ಇಂಡಿಕೇಟರ್‌ನಲ್ಲಿ ಇರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಬಲು ಗಟ್ಟಿ ಸ್ಪೋರ್‌ಗಳು. ಸೈಕಲ್ ಮುಗಿದ ಮೇಲೆ ಅದನ್ನೂ, ಆಟೋಕ್ಲೇವ್‌ಗೆ ಹಾಕದ ಇನ್ನೊಂದನ್ನೂ ಒಟ್ಟಿಗೆ ಇನ್‌ಕ್ಯುಬೇಟರ್‌ನಲ್ಲಿಡಬೇಕು. ಹಾಕದ್ದು ಬೆಳೆಯಬೇಕು, ಹಾಕಿದ್ದು ಬೆಳೆಯಬಾರದು. ಈ ಫಲಿತಾಂಶ ಕೈಗೆ ಬರುವವರೆಗೆ ಕೊನೆಯ ಕಂತಿನ ಹಣ ತಡೆಹಿಡಿಯುವುದಾಗಿ ಆರ್ಡರ್ ಕೊಡುವಾಗಲೇ ಹೇಳಿರಿ.

ಪೌಚ್ ಮೇಲಿನ ಪಟ್ಟಿ, ಆಟೋಕ್ಲೇವ್ ಟೇಪ್ ಕಪ್ಪಾಗುವುದನ್ನೇ ನಂಬಿ ಕೂರಬೇಡಿ. ಅದು ಒಳಗೆ ಹೋಗಿ ಬಂದಿದೆ ಎಂದಷ್ಟೇ ಹೇಳುತ್ತದೆ.

ದಿನದ ಬಳಕೆ, ಮಳೆಗಾಲದ ಬಳಕೆ

ಮೊದಲು ತೊಳೆಯುವುದು. ಒಣಗಿದ ರಕ್ತದ ಕೆಳಗೆ ಹಬೆ ಇಳಿಯುವುದಿಲ್ಲ. ಬಳಸಿದ ತಕ್ಷಣ ನೆನೆಹಾಕಿ, ಎಂಜೈಮ್ ದ್ರಾವಣದಲ್ಲಿ ಬ್ರಷ್ ಹಾಕಿ ತೊಳೆದು, ಒರೆಸಿ, ಕೀಲು ತೆರೆದಿಟ್ಟು ಪೌಚ್‌ಗೆ ಹಾಕಿ. ಪೌಚ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ.

ತೆಗೆಯುವಾಗ ಅವಸರ ಬೇಡ. ಬಿಸಿ ಪೌಚನ್ನು ತಣ್ಣಗಿನ ಕಡಪ ಕಲ್ಲಿನ ಮೇಲೆ ಇಟ್ಟರೆ ಒಳಗೇ ಬೆವರುತ್ತದೆ. ಒದ್ದೆ ಕಾಗದದ ಮೂಲಕ ಸೂಕ್ಷ್ಮಜೀವಿ ಒಳಗೆ ಹೋಗುತ್ತದೆ, ಆ ಪ್ಯಾಕ್ ಲೆಕ್ಕಕ್ಕಿಲ್ಲ. ಬಾಗಿಲು ಸ್ವಲ್ಪ ತೆರೆದು ಹಾಗೇ ಬಿಡಿ, ನಂತರ ತಂತಿಯ ಸ್ಟ್ಯಾಂಡ್ ಮೇಲೆ ಆರಿಸಿ. ಮುಚ್ಚಿದ ಕಪಾಟಿನಲ್ಲಿ, ನೆಲಕ್ಕೂ ಹೊರಗೋಡೆಗೂ ತಾಗದಂತೆ ಇಡಿ. ಪೌಚ್ ಮೇಲೆ ತಾರೀಖು ಬರೆದು, ಮೊದಲು ಇಟ್ಟದ್ದನ್ನು ಮೊದಲು ಬಳಸಿ. ಬೂಷ್ಟಿನ ಚುಕ್ಕೆ, ಒದ್ದೆ, ಹರುಕು ಕಂಡರೆ ತಾರೀಖು ನೋಡುವ ಅಗತ್ಯವೇ ಇಲ್ಲ, ಮತ್ತೆ ತೊಳೆದು ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ಕಡಿಮೆ ಪ್ಯಾಕ್ ಮಾಡಿ ಬೇಗ ಬೇಗ ಬಳಸುವುದು ಒಳ್ಳೆಯದು.

ವಾರಕ್ಕೊಮ್ಮೆ ಜೈವಿಕ ಇಂಡಿಕೇಟರ್, ಪ್ರತಿ ಲೋಡ್‌ಗೂ ರಾಸಾಯನಿಕ ಇಂಡಿಕೇಟರ್. ಒಂದು ಪುಸ್ತಕದಲ್ಲಿ ತಾರೀಖು, ಸೈಕಲ್ ಸಂಖ್ಯೆ, ಲೋಡ್, ಬಿಸಿ, ಹೊತ್ತು, ಫಲಿತಾಂಶ, ನಡೆಸಿದವರ ಸಹಿ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಪಾಸಣೆಗೆ ಬಂದವರಿಗೂ ಇದನ್ನೇ ತೋರಿಸಬಹುದು. ಬಳಸಿದ ಹತ್ತಿ, ಲ್ಯಾಬ್ ತ್ಯಾಜ್ಯವನ್ನು ಈ ಮಷಿನ್‌ಗೆ ಹಾಕಬೇಡಿ. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮದ ಪ್ರಕಾರ ತ್ಯಾಜ್ಯದ ಆಟೋಕ್ಲೇವ್ ಅದಕ್ಕೇ ಮೀಸಲಾಗಿರಬೇಕು.

ಮಷಿನ್ ನಿಂತ ದಿನಕ್ಕೆ

ಎಷ್ಟು ಒಳ್ಳೆಯದು ತಂದರೂ ಒಂದು ದಿನ ನಿಲ್ಲುತ್ತದೆ. ಗ್ಯಾಸ್ ಒಲೆಯ ಮೇಲೆ ನಡೆಯುವ ಸಣ್ಣ ಪ್ರೆಷರ್ ಆಟೋಕ್ಲೇವ್ ಒಂದನ್ನು ಮೂಲೆಯಲ್ಲಿಟ್ಟುಕೊಳ್ಳಿ, ಪ್ಯಾಕ್ ಮಾಡದ ಗಟ್ಟಿ ಉಪಕರಣಗಳಿಗೆ ಸಾಕು. ಮೇಲೆ ಹೇಳಿದ ಎತ್ತರದ ಲೆಕ್ಕವನ್ನು ಕಾಗದದಲ್ಲಿ ಬರೆದು ಅದರ ಪಕ್ಕದ ಗೋಡೆಗೆ ಅಂಟಿಸಿ. ಹಬೆ ಜೋರಾಗಿ ಹೊರಬಂದು ಗಾಳಿ ಪೂರ್ತಿ ಹೋದ ಮೇಲೆಯೇ ವಾಲ್ವ್ ಮುಚ್ಚಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ. ಟೊಳ್ಳು ಉಪಕರಣ, ಬಟ್ಟೆ ಪ್ಯಾಕ್‌ಗಳಿಗಾಗಿ ಹತ್ತಿರದ ನರ್ಸಿಂಗ್ ಹೋಮ್ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ. ತೊಳೆದು, ಪ್ಯಾಕ್ ಮಾಡಿ, ಮುಚ್ಚಳದ ಡಬ್ಬಿಯಲ್ಲಿ ಕಳಿಸುವುದು, ಒಣ ಡಬ್ಬಿಯಲ್ಲೇ ವಾಪಸ್ ತರುವುದು. ಇನ್ನು ಗ್ಯಾಸ್ಕೆಟ್ ನೋಡಿಸುವ, ಸೇಫ್ಟಿ ವಾಲ್ವ್ ಪರೀಕ್ಷಿಸುವ, ಕ್ಯಾಲಿಬ್ರೇಷನ್ ಮಾಡಿಸುವ ವಾರ್ಷಿಕ ಸರ್ವಿಸನ್ನು ಮೇ ಎರಡನೇ ವಾರದೊಳಗೆ ಮುಗಿಸುವಂತೆ ಕರಾರಿನಲ್ಲೇ ಬರೆಸಿ.